ಹೋದವರು ಬರುವ ತನಕ

ಮಾಮನ ಎರಡೂ ಮೊಣಕಾಲು ಜಡ್ಡುಗಟ್ಟಿ ಕರ್ರಗಾಗಿದ್ದವು. ಮಂಗಳೂರಿನ ಡಾಕ್ಟರು ಅದನ್ನು ನೋಡಿ, "ಅಜ್ಜ ತುಂಬಾ ಪೂಜೆ ಮಾಡ್ತಾರಾ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾಮ, "ಪೂಜಿ ಅಲ್ರೀ ಸಾಹೇಬ್ರ, ಹರಗೋಲ ನಡಸಿದ್ದು" ಎಂದು ನಕ್ಕ. ಮೊಣಕಾಲೂರಿ ಕೂತು ಹುಟ್ಟು ಹಾಕಿ ಹಾಕಿ ಬಂದ ಗುರುತು ಅದು.

ಅವನು ನನ್ನ ತಾಯಿಯ ಅಣ್ಣ. ಮಳಖೇಡದ ಎದುರು ದಡದಲ್ಲಿ ನಮ್ಮೂರು. ಸೇತುವೆ ಬರುವ ಮುಂಚೆ ಮಂದಿಯನ್ನು ಕಾಗಿಣಾ ದಾಟಿಸುತ್ತಿದ್ದವನು ಅವನೇ. ತಾಯಿಯ ಮನೆತನದವರದೊಂದು ರೀತಿ ಇತ್ತು. ಬೆಳಗ್ಗೆ ಆಚೆ ದಾಟಿಸಿದವರೆಲ್ಲ ಮರಳಿ ಬರುವ ತನಕ ಹರಿಗೋಲನ್ನು ದಡಕ್ಕೆಳೆದು ಮಗುಚಿ ಹಾಕುವಂತಿಲ್ಲ. ಅಲ್ಲೇ ಉಳಿಯುವವರು ಮೊದಲೇ ಹೇಳಿ ಹೋಗಬೇಕು. ಒಮ್ಮೆ ಊರ ಗೌಡರು ಹೇಳದೆ ಸೇಡಂನಲ್ಲಿ ಉಳಿದುಬಿಟ್ಟರು. ಮರುದಿನ ದಡದ ಮೇಲೆ ಎಲ್ಲರೆದುರೇ ಮಾಮ ಶುರು ಮಾಡಿದ: "ಗೌಡ್ರ, ನೀವು ಬೀಗರ ಮನ್ಯಾಗ ಹೋಳಗಿ ಉಂಡು ಮಲಗೀರಿ, ನಾ ಇಲ್ಲಿ ಹೊಳಿ ನೋಡ್ಕೋತ ಕುಂತೀನಿ!" ಗೌಡರು ತಲೆ ಬಗ್ಗಿಸಿ ಹರಿಗೋಲಿನಿಂದ ಇಳಿದರು.

ನಾನು ಏಳನೇ ತರಗತಿ ಮುಗಿಸಿದಾಗ ಅಪ್ಪ, ಹೆಣ್ಣುಹುಡುಗಿ ಮಳೆಗಾಲದಲ್ಲಿ ಹೊಳೆ ದಾಟಿ ಮಳಖೇಡದ ಶಾಲೆಗೆ ಹೋಗುವುದು ಬೇಡ ಎಂದುಬಿಟ್ಟ. ನಾನು ಅತ್ತು ರಂಪ ಮಾಡಿದೆ. ಮಾಮ ನಮ್ಮ ಕಟ್ಟೆಗೆ ಬಂದು ಕೂತು, "ನೋಡಪಾ, ಕೂಸು ಹೋಗ್ಲಿ. ಹೊಳ್ಳಿ ತರೋದು ನನಗ ಬಿಡು" ಎಂದ. ಆಮೇಲೆ ನಾನು ಗೆಳತಿಯರೊಡನೆ ಕೋಟೆಯಲ್ಲಿ ತಿರುಗಾಡಿ ಎಷ್ಟು ತಡವಾಗಿ ಬಂದರೂ ಅವನು ದಡದಲ್ಲಿರುತ್ತಿದ್ದ. ಬೈಗುಳವೂ ತಯಾರಿರುತ್ತಿತ್ತು. ನಾನಿಂದು ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರೆ ಅದು ಅವನ ಪುಣ್ಯ.

ಸೇತುವೆ ಬಂದ ಮೇಲೆ ಅವನು ಸಿಮೆಂಟು ಚೀಲ ಹೊರುವ ಕೆಲಸಕ್ಕೆ ಹೋದ. ಮೊಣಕಾಲು ಪೂರ್ತಿ ಕೈಕೊಟ್ಟಾಗ ನಾನೇ ಜಬರ್ದಸ್ತಿ ಮಾಡಿ ಕರೆತಂದೆ. ಇಲ್ಲಿ ಅವನಿಗೆ ಹೊಳೆಯಾಚೆಯ ಬೆಂಗ್ರೆಗೆ ಹೋಗುವ ಫೆರಿ ಬೋಟಿನ ಹುಚ್ಚು ಹಿಡಿಯಿತು. ದಿನವೂ ಕಟ್ಟೆಯ ಮೇಲೆ ಕೂತು ಹೋಗುವವರನ್ನು, ಬರುವವರನ್ನು ನೋಡುವುದು. "ಯವ್ವಾ, ಹತ್ತಿದವ್ರ ಮಾರಿ ಸೈತ ನೋಡಂಗಿಲ್ಲಲ್ಲ ಇಂವ!" ಎಂದು ಬೋಟಿನವನ ಮೇಲೆ ದೂರು ಬೇರೆ.

ಒಂದು ಸಂಜೆ ಡ್ಯೂಟಿ ಮುಗಿಸಿ ಕರೆಯಲು ಹೋದರೆ ಅಲ್ಲಿ ಜಗಳ ನಡೆದಿತ್ತು. ಬೋಟಿನವನು ಹಗ್ಗ ಕಟ್ಟುತ್ತಿದ್ದ, ಮಾಮ ಬಿಡುತ್ತಿರಲಿಲ್ಲ. "ಕೂಸು ಎತ್ಕೊಂಡ ಹೆಣ್ಮಗಳು ಮಧ್ಯಾಹ್ನ ಹೋಗ್ಯಾಳ, ಇನ್ನಾ ಬಂದಿಲ್ಲ. ಹ್ಯಾಂಗ ಕಟ್ತೀ?"

"ಅಯ್ಯೋ ಅಜ್ಜ, ಅವರ ಮನೆಯೇ ಆಚೆ ಇರುವುದು!"

ಮಾಮ ಆಚೆ ದಡದತ್ತ ನೋಡಿದ. "ಹೌದಲ್ಲ, ಇಲ್ಲಿ ಎರಡೂ ಕಡಿ ಮನಿ ಅವ. ನಮ್ಮಲ್ಲಿ ಹತ್ತೋರೆಲ್ಲಾ ಈ ಕಡಿಯವ್ರೇ ಇದ್ರು" ಎಂದು ಕೆಮ್ಮು ಬರುವ ತನಕ ನಕ್ಕ. ಅಂದಿನಿಂದ ಬೋಟಿನವನು, "ಅಜ್ಜ, ಎಲ್ಲ ಬಂದ್ರಾ? ಕಟ್ಲಾ?" ಎಂದು ಚೇಷ್ಟೆ ಮಾಡುತ್ತಿದ್ದ.

ಪಣಂಬೂರಿನ ದಂಡೆಯಿಂದ ದೂರದ ಹಡಗುಗಳನ್ನು ತೋರಿಸಿದಾಗ ಕೇಳಿದ್ದೂ ಅದನ್ನೇ: "ಇವಕ್ಕ ಯಾರು ಕಾಯ್ತಾರ?" ಕಂಪನಿಯವರು ಎಂದೆ. ಅವನಿಗೆ ಆ ಉತ್ತರ ಸರಿಬರಲಿಲ್ಲ.

ಅದೇ ಹೊತ್ತಿಗೆ ನನ್ನ ಮಗಳ ಹಡಗಿನ ಇಂಜಿನಿಯರಿಂಗ್ ಓದು ಮುಗಿಯಿತು. ಬಂದರಿನ ಆಫೀಸಿನಲ್ಲಿ ಕುರ್ಚಿ ಸಿಗುತ್ತದೆ ಎಂದು ನಾನು ಹಿಗ್ಗಿದ್ದೆ. ಅವಳು ಹಿಡಿದದ್ದು ಸರಕು ಹಡಗಿನ ಕೆಲಸ. ತಿಂಗಳುಗಟ್ಟಲೆ ನೀರಿನ ಮೇಲೆ! ಸುತಾರಾಂ ಆಗದು ಎಂದೆ. ಅವಳು ಊಟ ಬಿಟ್ಟಳು, ನಾನು ಮಾತು ಬಿಟ್ಟೆ. ಕೊನೆಗೆ ಮಾಮನನ್ನು ಹಿಡಿದೆ.

"ಮಾಮಾ, ನೀನರ ಹೇಳು. ಒಬ್ರು ತಡಾ ಮಾಡಿದ್ರ ಜೀವ ಕೈಯಾಗ ಹಿಡ್ಕೊಂಡು ಕುಂದ್ರಾಂವ ನೀ."

ಅವನು ಮೊಣಕಾಲು ಸವರಿಕೊಂಡ. "ಕಾಯೋದು ಭಾಳ ಕಠಿಣ ಯವ್ವಾ, ಖರೇ. ಆದ್ರ ನಾ ಕಾದದ್ದು ಮಂದಿ ಹೋಗ್ಲಿ ಅಂತ. ಅವತ್ತು ನಿನಗ ಹೋಗಬ್ಯಾಡ ಅಂದಿದ್ರ ನನಗೇನು? ದಿನಾ ಜಲ್ದಿ ಮನೀಗಿ ಹೋಗಿ ಮಲಗತಿದ್ದೆ."

ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ. ಆದರೆ ಬೇಡ ಎನ್ನುವ ಬಾಯಿ ಮತ್ತೆ ಬರಲಿಲ್ಲ. ಮಗಳು ಹೋದಳು. ಮಾಮನೂ ಊರಿಗೆ ಮರಳಿದ. ಫೋನು ಮಾಡಿದಾಗಲೆಲ್ಲ ಅವನ ಮೊದಲ ಮಾತು, "ಕೂಸು ಎಲ್ಲಿ ಮುಟ್ಯಾಳ?"

ಅವಳು ಇನ್ನೂ ಸಮುದ್ರದ ಮೇಲಿರುವಾಗಲೇ ಮಾಮ ತೀರಿಕೊಂಡ. ಅವನ ಮಣ್ಣಿಗೆಂದು ಹೋದ ನಾನು ಇನ್ನೂ ಊರಲ್ಲೇ ಇದ್ದೆ. ಆಗ ಯಾವುದೋ ಬಂದರಿನಿಂದ ಅವಳ ಫೋನು ಬಂತು. ಸುದ್ದಿ ಕೇಳಿ ಬಿಕ್ಕಿದಳು. "ಅಮ್ಮಾ, ನಂಗೆ ಇಲ್ಲಿ ಆಗ್ತಿಲ್ಲ. ಎಲ್ಲ ಬಿಟ್ಟು ಬಂದುಬಿಡ್ತೀನಿ."

ಇಷ್ಟು ತಿಂಗಳಿಂದ ನಾನು ಹಂಬಲಿಸಿದ್ದು ಆ ಒಂದು ಮಾತಿಗೆ. ಬಾ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಸೆರಗಿನಿಂದ ಬಾಯಿ ಒತ್ತಿ ಹಿಡಿದು, ಉಸಿರು ಸರಿಮಾಡಿಕೊಂಡು ಹೇಳಿದೆ:

"ಬ್ಯಾಡವ್ವಾ. ಹಿಡಿದ ಕೆಲಸ ಮುಗಿಸ್ಕೊಂಡೇ ಬಾ. ನಾ ಇದ್ದೀನಿ."