ಮೈದುನ ಬಿಚ್ಚದೆ ಉಳಿಸಿದ ಕಿಟಕಿ

ಮೈದುನನ ಸುದ್ದಿ ಅವಳ ಕಿವಿಗೆ ಬಿದ್ದದ್ದು ಅವಳಿನ್ನೂ ಅವನಿಗೆ ಅತ್ತಿಗೆಯಾಗುವ ಮೊದಲೇ. ಗಂಡಿನ ಮನೆ ಹೇಗಿದೆಯೆಂದು ನೋಡಿಬರಲು ಹೋಗಿದ್ದ ಅವಳ ಅಣ್ಣ ಸಂಜೆ ಬಂದವನು ಚಪ್ಪಲಿ ಬಿಡುತ್ತಲೇ ನಗತೊಡಗಿದ. ಹುಡುಗ ಒಳ್ಳೆಯವನು, ಕೈಯಲ್ಲಿ ಕೆಲಸವಿದೆ, ಎಲ್ಲ ಸರಿ. ಅವನಿಗೊಬ್ಬ ತಮ್ಮನಿದ್ದಾನೆ, ಬಡಗಿ. ಬೆಳಿಗ್ಗೆ ಇವನು ಬೀದಿಗೆ ಕಾಲಿಟ್ಟಾಗ ಆ ತಮ್ಮ ಎದುರುಮನೆಯ ಕಿಟಕಿಯ ಪಟ್ಟಿಗೆ ತೆಳ್ಳನೆಯ ಬ್ಲೇಡು ತೂರಿಸಿಕೊಂಡು ನಿಂತಿದ್ದನಂತೆ. ಊಟ, ಮಾತುಕತೆ ಎಲ್ಲ ಮುಗಿಸಿ ಹೊರಟಾಗಲೂ ಅದೇ ಕಿಟಕಿ, ಅದೇ ಪಟ್ಟಿ.

"ಕಿಟಕಿ ಜೊತೆ ಅವನನ್ನೂ ಸೇರಿಸಿ ಯಾರೋ ಮೊಳೆ ಹೊಡೆದಿರ್ಬೇಕು ಕಣೇ," ಎಂದ ಅಣ್ಣ. "ಅವನ ಜೊತೆ ಹೇಗೆ ಏಗ್ತೀಯೋ ನೋಡು."

ಏಗಿದಳು. ಬೇರೆ ದಾರಿ ಇರಲಿಲ್ಲ.

ಗಾಜು ಬೀಳದಂತೆ ಕಿಟಕಿಯ ಚೌಕಟ್ಟಿಗೆ ಸುತ್ತಲೂ ಬಡಿದಿರುತ್ತಾರಲ್ಲ ಸಣ್ಣ ಮರದ ಪಟ್ಟಿಗಳು, ಅವನ್ನು ಸೀಳದೆ, ಚೌಕಟ್ಟಿಗೆ ಗಾಯವಾಗದೆ, ಗಾಜೂ ಒಡೆಯದೆ ಬಿಚ್ಚುವುದು ಮೈದುನನ ಕಸುಬು. ಉಳಿದ ಬಡಗಿಗಳು ಮೂಲೆಗೆ ಉಳಿ ಇಟ್ಟು ಒಂದೇಟು ಹಾಕಿ ಕಿತ್ತೆಸೆದು ಹೊಸ ಪಟ್ಟಿ ಬಡಿದು ಮನೆಗೆ ಹೋಗುತ್ತಿದ್ದರು. ಇವನು ಮೊದಲು ಪಟ್ಟಿಗೂ ಚೌಕಟ್ಟಿಗೂ ನಡುವೆ ಕೂತ ಬಣ್ಣವನ್ನು ಬ್ಲೇಡಿನಲ್ಲಿ ಗೆರೆಯುದ್ದಕ್ಕೂ ಕೊಯ್ಯಬೇಕು. ಆಮೇಲೆ ಎಲ್ಲಕ್ಕಿಂತ ಉದ್ದದ ಪಟ್ಟಿಯ ನಟ್ಟನಡುವೆ ಚಪ್ಪಟೆ ಅಲಗು ತೂರಿಸಿ ಕೂದಲೆಳೆಯಷ್ಟು ಎಬ್ಬಿಸಬೇಕು. ಹಿಂದೆ ಸರಿದು ನೋಡಬೇಕು. ಮತ್ತೆ ಕೂದಲೆಳೆಯಷ್ಟು. ನಡು ಬಿಲ್ಲಿನಂತೆ ಬಾಗಿದರೆ ತುದಿಗಳು ತಾವಾಗಿ ಮೂಲೆ ಬಿಟ್ಟು ಬರುತ್ತವೆ ಎನ್ನುತ್ತಿದ್ದ. ಬರುತ್ತಿದ್ದವು, ಸುಳ್ಳಲ್ಲ. ಅಷ್ಟು ಹೊತ್ತಿಗೆ ಮನೆಯವರ ಪ್ರಾಣ ಬಾಯಿಗೆ ಬಂದಿರುತ್ತಿತ್ತು.

ಮದುವೆ ಅಂತ ಒಂದು ಆಗಲಿಲ್ಲ ಅವನಿಗೆ. ಹೆಣ್ಣು ನೋಡಿ ಬಂದು ಅವನು ಹೂಂ ಎನ್ನುವಷ್ಟರಲ್ಲಿ ಆ ಹೆಣ್ಣಿನ ಮಗು ಅಂಬೆಗಾಲಿಡುತ್ತಿತ್ತು ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಊಟಕ್ಕೆ ಕೂತರೆ ಎಲ್ಲರೂ ಕೈ ತೊಳೆದು ಬಂದ ಮೇಲೂ ಅವನ ತಟ್ಟೆಯಲ್ಲಿ ಅನ್ನ ಹಾಗೇ ಇರುತ್ತಿತ್ತು. ಪಾತ್ರೆ ತೊಳೆಯಲು ಕಾದು ಕಾದು ಅತ್ತಿಗೆ ಕೊನೆಗೆ ನಿನ್ನ ತಟ್ಟೆ ನೀನೇ ತೊಳ್ಕೋ ಎಂದಳು. ತೊಳೆದ. ಅದಕ್ಕೂ ಒಂದು ಮಧ್ಯಾಹ್ನ ಹಿಡಿಯಿತು.

ಗಂಡ ಹೋದ ಮೇಲೆ ಅತ್ತಿಗೆಯ ಹೊಟ್ಟೆ ನಡೆದದ್ದು ಹೊಲಿಗೆ ಯಂತ್ರದಿಂದ. ಮುಂಗೋಣೆಯ ದೊಡ್ಡ ಕಿಟಕಿಯ ಕೆಳಗೆ ಯಂತ್ರ ಇಟ್ಟಿದ್ದಳು. ಒಂದೇ ಗಾಜಿನ ಕಿಟಕಿ ಅದು; ಬೆಳಕು ನೇರ ಸೂಜಿಯ ಮೇಲೆ ಬೀಳುತ್ತಿತ್ತು. ಕಣ್ಣು ಮಂಜಾಗುತ್ತ ಬಂದ ಹಾಗೆ ದೀಪದ ಬೆಳಕಿನಲ್ಲಿ ದಾರ ಪೋಣಿಸುವುದು ಅವಳಿಂದ ಆಗುತ್ತಿರಲಿಲ್ಲ. ಹಗಲು, ಆ ಗಾಜು, ಅಷ್ಟಿದ್ದರೆ ಕೆಲಸ. ಆದರೆ ಚೌಕಟ್ಟಿನ ಕೆಳಭಾಗ ನೀರು ಕುಡಿದು ಪುಡಿಯಾಗಿತ್ತು. ಜೋರು ಗಾಳಿ ಬೀಸಿದರೆ ಗಾಜು ಗಡಗಡ ಎನ್ನುತ್ತಿತ್ತು. ಚೌಕಟ್ಟು ಬದಲಾಯಿಸಲು ಗಾಜನ್ನು ಇಡಿಯಾಗಿ ಹೊರತೆಗೆಯಬೇಕು. ಒಡೆದರೆ ಅಷ್ಟು ದೊಡ್ಡದನ್ನು ಮತ್ತೆ ತರಿಸುವ ತಾಕತ್ತು ಅವಳಿಗಿಲ್ಲ; ಹಲಗೆ ಬಡಿದು ಕತ್ತಲಲ್ಲಿ ಕೂರಬೇಕು.

ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಊರವರ ಕಿಟಕಿಗಳಿಗೆಲ್ಲ ಅವನು ಬೇಕು, ಮನೆಯ ಕಿಟಕಿಗೆ ಮಾತ್ರ ಪುರುಸೊತ್ತಿಲ್ಲ. ಕೇಳಿದರೆ ಮನೆಯದೇ ಅಲ್ವಾ ಅತ್ತಿಗೆ, ಎಲ್ಲಿಗೆ ಓಡಿಹೋಗುತ್ತೆ ಎನ್ನುವನು. ಸಂದಿಗಳಿಗೆ ಚಿಂದಿ ಬಟ್ಟೆ ತುರುಕಿ ತುರುಕಿ ಅವಳಿಗೆ ಸಾಕಾಗಿತ್ತು. ಅಷ್ಟರಲ್ಲಿ ಅವನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಇನ್ನು ಕಾದು ಪ್ರಯೋಜನವಿಲ್ಲವೆಂದು ಅತ್ತಿಗೆ ಬೇರೊಬ್ಬ ಬಡಗಿಗೆ ಬರಹೇಳಿದಳು. ಕೂತು ಉಣ್ಣುವುದರೊಳಗೆ ಬಿಚ್ಚಿಬಿಡ್ತೀನಿ ಎಂದಿದ್ದ ಆ ಬಡಗಿ.

ಆ ಮಾತು, ಅಣ್ಣ ಹೋದ ಮೇಲೆ ಪಕ್ಕದ ಬೀದಿಯಲ್ಲಿ ಬೇರೆ ಕೋಣೆ ಮಾಡಿಕೊಂಡಿದ್ದ ಮೈದುನನಿಗೆ ಹೇಗೋ ಮುಟ್ಟಿತು. ಮಾರನೆಯ ಬೆಳಿಗ್ಗೆ ಕೋಲೂರಿಕೊಂಡು ಹೊರಟವನು ಬಿಸಿಲು ನೆತ್ತಿಗೇರುವ ಹೊತ್ತಿಗೆ ಬಂದು ತಲುಪಿದ. ಪುಣ್ಯಕ್ಕೆ ಆ ಬಡಗಿ ಇನ್ನೂ ಬಂದಿರಲಿಲ್ಲ.

"ಅವನು ಮೂಲೆಯಿಂದ ಮೀಟ್ತಾನೆ ಅತ್ತಿಗೆ," ಎಂದ ಬಾಗಿಲಲ್ಲೇ ಏದುಸಿರು ಬಿಡುತ್ತ. "ಗಾಜಿನ ಆಸೆ ಬಿಟ್ಬಿಡಿ."

"ನೀನು ಇಷ್ಟು ವರ್ಷ ಏನು ಮಾಡ್ತಿದ್ದೆ? ಈಗ ಕೈ ಇಲ್ಲ, ಈಗ ಬಂದಿದ್ದೀಯ."

"ನಿಮ್ಮ ಕೈ ಇದೆಯಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಬ್ಲೇಡು ಕೈಗೆ ತೆಗೆದುಕೊಂಡಳು. ಬಟ್ಟೆಯ ಹೊಲಿಗೆ ಬಿಚ್ಚಿ ಅಭ್ಯಾಸವಿದ್ದ ಕೈ. ಬಣ್ಣದ ಗೆರೆ ಸಲೀಸಾಗಿ ಕೊಯ್ದಳು. ಅವನು ಕುರ್ಚಿಯಲ್ಲಿ ಕೂತು ಮೆಲ್ಲಗೆ, ಇನ್ನೂ ಮೆಲ್ಲಗೆ, ಉಸಿರು ಬಿಟ್ಟು ತಳ್ಳಿ ಎಂದು ಒಂದೇ ಸಮನೆ ಕೊರೆಯುತ್ತಿದ್ದ. ಬಾಯಿ ಮುಚ್ಚು ಎಂದರೆ ಒಂದು ಗಳಿಗೆ ಮುಚ್ಚಿ ಮತ್ತೆ ಶುರು. ಅಲಗು ಒಳಗೆ ಹೋಯಿತು. ಪಟ್ಟಿ ಮಾತ್ರ ಕದಲಲಿಲ್ಲ. ಇನ್ನಷ್ಟು ಒತ್ತಿದಾಗ ಗಾಜು ಕಿರ್ ಎಂದಿತು. ಅವಳು ಕೈ ಹಿಂದಕ್ಕೆಳೆದುಕೊಂಡಳು.

ಮೈದುನ ಎದ್ದು ಬಂದು ಸಂದಿಗೆ ಮೂಗು ಹಚ್ಚಿ ನೋಡಿದ.

"ಅಂಟು ಹಾಕಿದ್ದಾರೆ," ಎಂದ. "ನಾನೇ ಮೊಳೆ ಹೊಡೆದ ಪಟ್ಟಿ ಇದು. ಅಂಟು ಯಾರು ಹಾಕಿದ್ದು?"

ಅತ್ತಿಗೆಗೆ ಆಗ ನೆನಪಾಯಿತು. ಆ ಮನೆಗೆ ಬಂದ ಹೊಸದರಲ್ಲಿ, ತಮ್ಮನಿಗೆ ಕಾದು ಬೇಸತ್ತ ಗಂಡ ಬೆಳಿಗ್ಗೆ ಬೆಳಿಗ್ಗೆ ತಾನೇ ಅಂಟು ಕಾಯಿಸಿ ಪಟ್ಟಿ ಮೆತ್ತಿ ಕೆಲಸಕ್ಕೆ ಹೋಗಿದ್ದ. ಸಂಜೆ ಬಂದ ತಮ್ಮ, ಅಣ್ಣ ಮೊಳೆ ಹೊಡೆಯಲೆಂದು ಬರೀ ಜೋಡಿಸಿಟ್ಟಿದ್ದಾನೆ ಅಂದುಕೊಂಡು ಸಾಲಾಗಿ ಮೊಳೆ ಹೊಡೆದಿದ್ದ. ಕಿಟಕಿ ತಾನೇ ಮಾಡಿದ್ದೆಂದು ಇಬ್ಬರೂ ಅವಳ ಮುಂದೆ ಬೇರೆ ಬೇರೆಯಾಗಿ ಕೊಚ್ಚಿಕೊಂಡಿದ್ದರು. ಒಬ್ಬರಿಗೊಬ್ಬರು ಹೇಳಿರಲಿಲ್ಲ. ಅದರ ಮೇಲೆ ಬಣ್ಣದ ಮೇಲೆ ಬಣ್ಣ.

"ನಿಮ್ಮಣ್ಣ," ಎಂದಳು.

"ನಂಗೆ ಹೇಳ್ಲೇ ಇಲ್ಲ."

"ಹೇಳಿದ್ರೆ ನೀನು ಎಲ್ಲ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡ್ತಿದ್ದೆ. ನಾವು ಕಿಟಕಿ ಇಲ್ದೇ ಮುದುಕರಾಗ್ತಿದ್ವಿ."

ಮೈದುನ ನಕ್ಕ. ಬಾಯಿ ಒಂದು ಕಡೆಗೆ ಮಾತ್ರ ಅರಳಿತು. ಅದನ್ನು ನೋಡಿ ಅವಳ ಸಿಟ್ಟು ಅರ್ಧ ಇಳಿಯಿತು, ಇಳಿದದ್ದಕ್ಕೆ ಮತ್ತೆ ಸಿಟ್ಟು ಬಂತು.

ಕಾಯಿಸಿ ಹಾಕಿದ ಅಂಟು ಬಿಸಿಗೆ ಬಿಡುತ್ತದೆ ಎಂದ. ಅವಳು ಇಸ್ತ್ರಿಪೆಟ್ಟಿಗೆಗೆ ಕೈ ಹಾಕಿದಾಗ ಬೇಡವೆಂದು ತಡೆದ. ಅಷ್ಟು ಕಾವಿಗೆ ಗಾಜು ಸಿಡಿದೀತು. ಬಿಸಿ ನೀರಲ್ಲಿ ಹಿಂಡಿದ ಬಟ್ಟೆಯನ್ನು ಗಾಜಿಗೆ ತಾಗಿಸದೆ ಪಟ್ಟಿಯ ಮೇಲಷ್ಟೇ ಒತ್ತಿ ಹಿಡಿಯಬೇಕು, ಆರಿದರೆ ಮತ್ತೆ ಅದ್ದಬೇಕು. ಅದ್ದಿದಳು, ಹಿಂಡಿದಳು, ಒತ್ತಿದಳು. ಅಂಗೈ ಕೆಂಪಾಯಿತು. ಈ ನಡುವೆ ಅವಳು ಬರಹೇಳಿದ್ದ ಬಡಗಿ ಉಳಿ ಹಿಡಿದು ಬಂದು, ಬಾಗಿಲಲ್ಲಿ ನಿಂತು ನೋಡಿ, ಇದು ಮುಗಿಯುವ ಪೈಕಿ ಅಲ್ಲ ಎಂದು ಹೊರಟುಹೋದ. ಅವನ ಹಿಂದೆಯೇ ಹೋಗಿಬಿಡಬೇಕು ಅನ್ನಿಸಿತು ಅವಳಿಗೆ.

ಬಿಸಿಲು ಗೋಡೆ ಬಿಟ್ಟು ಇಳಿಯುವ ಹೊತ್ತಿಗೆ ಉದ್ದದ ಪಟ್ಟಿಯ ನಡು ಉಬ್ಬಿ ತುದಿ ಸಡಿಲಾಯಿತು. ಎದುರಿನದೂ ಬಂತು, ಕೆಳಗಿನದೂ ಬಂತು. ಮೇಲಿನದನ್ನು ಬಿಚ್ಚುವಾಗ ಗಾಜು ಮುಂದಕ್ಕೆ ವಾಲದಂತೆ ಮೈದುನ ತನ್ನ ಎಡಗೈ, ಎದೆ, ಕೆನ್ನೆ ಎಲ್ಲ ಒತ್ತಿ ನಿಂತ. ಅವಳು ಪಟ್ಟಿ ತೆಗೆದಳು. ಇಬ್ಬರೂ ಸೇರಿ ಗಾಜನ್ನು ಹಾಸಿಗೆಯ ಮೇಲೆ ಮಲಗಿಸಿದರು. ಒಂದು ಗೀರಿಲ್ಲ.

ಸೊಂಟ ಹಿಡಿದುಕೊಂಡು ಅತ್ತಿಗೆ ನೆಲಕ್ಕೆ ಕೂತಳು. ಜನ್ಮದಲ್ಲಿ ಇನ್ನೊಂದು ಕಿಟಕಿ ಮುಟ್ಟಲಾರೆ ಎಂದಳು. ಅವನು ಪಟ್ಟಿಗಳ ಹಿಂದೆ ಚಾಚಿಕೊಂಡಿದ್ದ ಮೊಳೆಗಳನ್ನು ಎಡಗೈಯಲ್ಲಿ ಇಕ್ಕಳ ಹಿಡಿದು ಒಂದೊಂದಾಗಿ ಎಳೆಯುತ್ತ ಕೂತ.

ಆ ವಾರವೇ ಅವನು ನಿದ್ದೆಯಲ್ಲಿ ಹೋಗಿಬಿಟ್ಟ. ಅವಸರದಲ್ಲಿ ಅವನು ಮಾಡಿದ ಕೆಲಸ ಅದೊಂದೇ. ಹಾಗಾಗಿ ಕಿಟಕಿ ಬಿಚ್ಚಿದ ಸಂಜೆ ಬಾಗಿಲು ದಾಟುವಾಗ ಕೋಲಿನ ಮೇಲೆ ಭಾರ ಬಿಟ್ಟು, ಅವಳ ಮುಖ ನೋಡದೆ ಕೇಳಿದ್ದೇ ಕೊನೆಯದಾಯಿತು.

"ಪಕ್ಕದ ಬೀದಿಯಲ್ಲಿ ಒಂದು ಮನೆ ಕೆಲಸ ಒಪ್ಕೊಂಡ್ಬಿಟ್ಟಿದ್ದೀನಿ ಅತ್ತಿಗೆ. ಎಂಟು ಕಿಟಕಿ. ನಾಳೆ ಒಂಚೂರು ಬೇಗ ಬರ್ತೀರಾ?"