ಅಮ್ಮನ ಫೋಟೋದ ಮೇಲಿನ ದೀಪ

ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಫೋಟೋ ಎಂದರೆ ಹಲಸೂರಿನ ನಮ್ಮ ಮನೆಯಲ್ಲಿ ಅದು ಸತ್ತವರದು. ಅಜ್ಜಿಯದು, ಅಪ್ಪನದು, ಒಂದೊಂದರ ಮೇಲೂ ಸಣ್ಣ ಕೆಂಪು ಬಲ್ಬು. ಬದುಕಿರುವವರೆಲ್ಲ ಬೀರುವಿನ ಆಲ್ಬಮ್ಮಿನಲ್ಲಿ, ಈಗೀಗ ಮೊಬೈಲಿನಲ್ಲಿ. ಆ ಗೋಡೆಯ ಕೆಳಗೇ ಉಂಡು ಬೆಳೆದವಳು ನಾನು. ಬೇಕಾದ ಹೊತ್ತಿಗೆ ಮಾತ್ರ ಅದು ನೆನಪಾಗಲಿಲ್ಲ ನೋಡಿ.

ಇಂದಿರಾನಗರದ ಹಳೇ ಬಂಗಲೆಯೊಂದರಲ್ಲಿ ನನ್ನ ಫೋಟೋಗಳ ಪ್ರದರ್ಶನವಿತ್ತು. ಹೊಲ ತೋಟಗಳಿದ್ದ ಕಾಲವನ್ನು ಕಂಡ ನಮ್ಮ ಕಡೆಯ ಮುದುಕ ಮುದುಕಿಯರ ಮುಖಗಳು. ಎಲ್ಲರಿಗಿಂತ ಮುಂದೆ ಅಮ್ಮ. ದೊಮ್ಮಲೂರಿನ ಫ್ಲೈಓವರ್ ಪಕ್ಕದಲ್ಲಿ, ಹುಡುಗಿಯಾಗಿದ್ದಾಗ ತಾನು ಸೊಪ್ಪು ಕಿತ್ತು ಶಿವಾಜಿನಗರದ ಮಾರ್ಕೆಟ್ಟಿಗೆ ಹೊತ್ತ ಜಾಗದಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು.

ಗ್ಯಾಲರಿ ನೋಡಿಕೊಳ್ಳುವಾಕೆ, "ಮೇಡಂ, ಸ್ಕ್ರೀನ್‌ಗೆ ಹಾಕೋಣ. ಪ್ರಿಂಟು, ಫ್ರೇಮು ಅಂತ ಯಾಕೆ ಒದ್ದಾಡ್ತೀರ? ಒಂದೇ ಸ್ಕ್ರೀನಲ್ಲಿ ಎಲ್ಲಾ ಬಂದು ಹೋಗುತ್ತೆ," ಎಂದಳು. ಹಾಕಿಯೂ ತೋರಿಸಿದಳು. ಅಮ್ಮನ ಮುಖ ಬಂತು, ಬೆಳಗಿತು, ಹೋಯಿತು. ಪರದೆ ಕಪ್ಪಾಯಿತು. ಅಮ್ಮನಿಗೆ ಎದೆಯ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿದ ವಾರ ಅದು.

"ನಮ್ಮಮ್ಮ ಬಂದು ಹೋಗೋದು ಬೇಡ ಕಣಮ್ಮ. ಗೋಡೆ ಮೇಲೆ ಇರ್ಲಿ. ನಂಗೆ ಪೇಪರ್ರೇ ಬೇಕು," ಎಂದು ರೇಗಿಬಿಟ್ಟೆ.

ಪಾಪ, ಆಕೆ ಮಿಕ್ಕವರನ್ನೆಲ್ಲ ಸ್ಕ್ರೀನಿಗೇ ಬಿಟ್ಟು, ಅಮ್ಮನದೊಂದಕ್ಕೆ ಮಾತ್ರ ದೊಡ್ಡ ಪ್ರಿಂಟು ತೆಗೆಸಿ ಕರಿ ಮರದ ಕಟ್ಟು ಹಾಕಿಸಿದಳು. ಮೇಲೊಂದು ಹಳದಿ ದೀಪ ಇಟ್ಟಳು. ಚೆಂದ ಕಾಣಲಿ ಎಂದು ಕೆಳಗೆ ಅಗಲ ಬಾಯಿಯ ಹಿತ್ತಾಳೆ ಉರುಳಿಯಲ್ಲಿ ನೀರು ತುಂಬಿ ಸೇವಂತಿಗೆ ತೇಲಿಬಿಟ್ಟಳು. ನನಗೆ ಎಷ್ಟೋ ಸಮಾಧಾನವಾಯಿತು.

ಪ್ರದರ್ಶನ ಶುರುವಾದ ಮಾರನೆಯ ದಿನವೇ ಆಪರೇಷನ್. ಬೆಳಿಗ್ಗೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ನಾನೊಬ್ಬಳೇ, ಕುರ್ಚಿಯ ತುದಿಯಲ್ಲಿ. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದನ್ನು ನೋಡಲಾರದೆ ನೆಲ ನೋಡುತ್ತಿದ್ದೆ.

ಆಗ ಫೋನ್ ಬಂತು. ದೊಮ್ಮಲೂರಿನ ಚಿಕ್ಕಮ್ಮ. ಎತ್ತಿದ ಕೂಡಲೇ ಅಳು.

"ಅಯ್ಯೋ ಮಗಳೇ, ಹಿಂಗಾಗ್ಬಾರ್ದಿತ್ತು ಕಣೇ. ಎಷ್ಟೊತ್ತಿಗೆ ಎತ್ತೋದು?"

"ಯಾರನ್ನ ಚಿಕ್ಕಮ್ಮ?"

"ಇನ್ಯಾರನ್ನೇ, ನಿಮ್ಮಮ್ಮನ್ನ. ಮನೆಗೆ ತಂದ್ರಾ?"

ಒಳಗಿನ ಸುದ್ದಿ ಹೇಗೋ ಹೊರಗೆ ಹೋಗಿದೆ, ನನಗೆ ಹೇಳಲು ಮಾತ್ರ ಯಾರಿಗೂ ಬಾಯಿ ಬರುತ್ತಿಲ್ಲ ಎಂದೇ ತಿಳಿದೆ. ಎರಡೂ ಕೈಯಲ್ಲಿ ಬಾಗಿಲು ಬಡಿದೆ. ನರ್ಸ್ ಬಂದು, "ಯಾಕಮ್ಮ ಹಿಂಗ್ ಬಡೀತೀರ? ಒಳಗೆ ನಡೀತಾ ಇದೆ, ಕೂತ್ಕೊಳ್ಳಿ," ಎಂದು ಗದರಿ ಬಾಗಿಲು ಹಾಕಿಕೊಂಡಳು. ಏನು ನಡೆಯುತ್ತಿದೆ? ಕೇಳೋಣವೆಂದರೆ ಅವಳಿರಲಿಲ್ಲ. ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಮುಟ್ಟಲು ಹೆದರಿಕೆಯಾಯಿತು.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಮಾವ ಬಂದರು. ಅಮ್ಮನ ತಮ್ಮ, ಕೆ.ಆರ್. ಪುರದವರು. ಅಕ್ಕನನ್ನು ನೋಡಲು ಬರುವಾಗ ಇಂದಿರಾನಗರದಲ್ಲಿ ಮೆಟ್ರೋ ಇಳಿದು ನನ್ನ ಫೋಟೋಗಳನ್ನೂ ನೋಡಿಕೊಂಡು ಬನ್ನಿ ಎಂದು ನಾನೇ ಹೇಳಿದ್ದೆ. ಈಗ ಕಣ್ಣು ಕೆಂಪಗಾಗಿತ್ತು, ಕೈಯಲ್ಲಿ ದಪ್ಪ ಗುಲಾಬಿ ಹಾರ.

"ಯಾರು ಹೇಳಿದ್ದು ನಿಮಗೆ? ಹೇಳಿ ಮಾವ!"

"ಯಾರ್ ಹೇಳ್ಬೇಕವ್ವಾ? ಕಣ್ಣಾರೆ ನೋಡ್ದೆನಲ್ಲ. ಅಕ್ಕನ ಫೋಟೋಗೆ ಕಟ್ಟು ಹಾಕ್ಸಿ, ದೀಪ ಹಾಕಿ, ಮುಂದೆ ಹೂವಿಟ್ಟಿದೀಯ. ಚಪ್ಪಲಿ ಬಿಟ್ಟು ಕೈ ಮುಗಿದ್ಬಂದೆ. ನಿಂಗೆ ಏನಂತ ಫೋನ್ ಮಾಡ್ಲಿ? ನೆಂಟರಿಗೆಲ್ಲಾ ನಾನೇ ಹೇಳ್ಬಿಟ್ಟೆ."

ನಗು ಬರಬೇಕಿತ್ತು, ಬರಲಿಲ್ಲ. ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಮಾವನ ಮಾತು ಸುಳ್ಳೆಂದು ಒಳಗಿನಿಂದಲೇ ಯಾರಾದರೂ ಬಂದು ಹೇಳಬೇಕಿತ್ತು.

"ಆ ಹಾರ ಮೊದ್ಲು ಬಿಸಾಕಿ ಮಾವ! ಅಮ್ಮ ಒಳಗಿದಾಳೆ, ಆಪರೇಷನ್ ಆಗ್ತಿದೆ!" ಎಂದು ಕಿರುಚಿದೆ.

ಮಾವ ಬೆಚ್ಚಿಬಿದ್ದರು. "ಬಿಡ್ತು, ಬಿಡ್ತು," ಎಂದು ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. ಹಾರವನ್ನು ಕಸದ ಡಬ್ಬಕ್ಕೆ ತುರುಕಿ ನನ್ನ ಪಕ್ಕ ಕೂತರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು "ಆರಾಮಾಗಿದಾರೆ" ಎಂದಾಗ ಮಾವ ಮಗುವಿನಂತೆ ಅತ್ತರು.

ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. "ಯಾರ್ಯಾರು ಅತ್ರು?" ಎಂದು ಕೇಳಿದಳು. ಆಮೇಲೆ, "ಬಿಡೇ, ಸತ್ತ ಸುದ್ದಿ ಸುಳ್ಳಾದ್ರೆ ಆಯಸ್ಸು ಹೆಚ್ಚಂತೆ. ಆ ಕಟ್ಟು ಮಾತ್ರ ಕೆಳಗಿಳ್ಸು. ಟಿ.ವಿ. ಥರದ್ದು ಇತ್ತಂದ್ಯಲ್ಲ, ಅದಕ್ಕೇ ಹಾಕ್ಸು. ಟಿ.ವಿ.ಲಿ ಬಂದೋರಿಗೆ ಯಾರೂ ಹಾರ ತರಲ್ಲ," ಎಂದಳು.

ಸಂಜೆ ಹೋಗಿ ಹಾಗೇ ಮಾಡಿಸಿದೆ. ಪರದೆಯಲ್ಲಿ ಅಮ್ಮ ಬಂದಳು, ಹೋದಳು. ಕಪ್ಪಾಯಿತು. ಮಿಕ್ಕವರ ಮುಖಗಳು ಒಂದೊಂದಾಗಿ ಬಂದು ಹೋದವು. ನಾನು ಯಾರನ್ನೂ ನೋಡಲಿಲ್ಲ. ಅಮ್ಮ ತಿರುಗಿ ಬರುವ ತನಕ ಉಸಿರು ಬಿಗಿಹಿಡಿದು ನಿಂತಿದ್ದೆ. ಬಂದಳು. ಮತ್ತೆ ಹೋಗುವ ಮೊದಲೇ ಬೆನ್ನು ತಿರುಗಿಸಿ ಆಸ್ಪತ್ರೆಗೆ ಓಡಿದೆ.