ಮೆತ್ತಗೆ ಹೇಳಿದ ಮಾತು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಪುಟದಕ್ಕ ಎಂದೇ ಕರೆಯುತ್ತಿದ್ದರು. ಟೈರ್ ಅಂಗಡಿಯ ಮೇಲಿನ ಮಹಡಿ, ಮೆಟ್ಟಿಲು ಹತ್ತಿ ಬರುವ ರಬ್ಬರಿನ ವಾಸನೆ, ಕಿವಿಗೆ ಸಿಕ್ಕಿಸಿಕೊಂಡ ಫೋನು. ಕಂಪನಿ ಮಾರುತ್ತಿದ್ದುದು ಎಂಜಿನಿಯರುಗಳ ಸಾಫ್ಟ್‌ವೇರ್. ಸೇತುವೆಯನ್ನೋ ಕ್ರೇನನ್ನೋ ಮೊದಲು ಕಂಪ್ಯೂಟರಿನೊಳಗೆ ಕಟ್ಟಿ, ಭಾರ ಹೇರಿ, ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಬಣ್ಣಗಳಲ್ಲಿ ತೋರಿಸುವಂಥದ್ದು. ಅದರ ಕೈಪಿಡಿಗೆ ಸಾವಿರಾರು ಪುಟ. ಹುಡುಕಲು ಕೂತರೆ ಬೇಕಾದದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತಿತ್ತು. ತಲೆ ಕೆಟ್ಟು ಫೋನು ಮಾಡಿದವರಿಗೆ ಯಾವ ಪುಟ, ಎಷ್ಟನೇ ಸಾಲು ಎಂದು ಹೇಳುವುದು ಅವಳ ಕೆಲಸ. ಅವಳೂ ಎಂಜಿನಿಯರಿಂಗ್ ಓದಿದವಳೇ. ಆದರೆ ಕೆಲಸ ಕೇಳಿಕೊಂಡು ಹೋದ ಕಾರ್ಖಾನೆಗಳಲ್ಲಿ, ಹೆಂಗಸರಿಗೆ ಇಲ್ಲಿ ಬಾತ್‌ರೂಮೇ ಇಲ್ಲವಲ್ಲಮ್ಮ ಎಂದು ವಾಪಸು ಕಳಿಸಿದ್ದರು. ಹೀಗೆ ಫೋನಿನ ಮುಂದೆ ಕೂತವಳು ಅಲ್ಲೇ ಉಳಿದುಬಿಟ್ಟಳು.

ಫೋನು ಮಾಡುವವರಲ್ಲಿ ಹೆಚ್ಚಿನವರು ಮನೆಗೆ ಬೆಂಕಿ ಬಿದ್ದವರಂತೆ ಮಾತಾಡುತ್ತಿದ್ದರು. ಅವಳು ಟ್ಯಾಂಕಿನ ಯಜಮಾನರು ಎಂದು ಕರೆಯುತ್ತಿದ್ದ ಹಿರಿಯರೊಬ್ಬರು ಹಾಗಲ್ಲ. ಅವರ ಭಾವಮೈದುನನದೊಂದು ವರ್ಕ್‌ಶಾಪು. ಕಬ್ಬಿಣದ ಕಾಲುಗಳ ಮೇಲೆ ನಿಲ್ಲುವ ದೊಡ್ಡ ದೊಡ್ಡ ನೀರಿನ ಟ್ಯಾಂಕುಗಳನ್ನು ಅಲ್ಲಿ ಮಾಡುತ್ತಿದ್ದರು. ಲೆಕ್ಕ, ನಕ್ಷೆ ಎಲ್ಲ ಇವರದು. ಮೊದಲ ಸಲ ಫೋನು ಮಾಡಿದಾಗಲೇ, "ನಿಮ್ಮ ಕೈಪಿಡೀಲಿ ಅಳತೆ ಬಗ್ಗೆ ಒಂದು ಪುಟ ಇದೆಯಲ್ಲ, ಅದರಲ್ಲಿ ತಪ್ಪಿದೆ ತಾಯಿ. ಯಾರೂ ಓದೇ ಇಲ್ಲ ಅಂತ ಕಾಣುತ್ತೆ" ಎಂದು ನಕ್ಕಿದ್ದರು. ನೋಡಿದರೆ ನಿಜವೇ. ಅಂದಿನಿಂದ ಸ್ನೇಹ ಬೆಳೆಯಿತು. ಮುಖ ನೋಡದೆಯೇ ಅವಳ ಮದುವೆ, ಅವರ ಮಂಡಿನೋವು, ಎಲ್ಲವೂ ಫೋನಿನಲ್ಲೇ ಹಂಚಿಕೆಯಾದವು.

ಒಂದು ದಿನ ಅವರು, ಟ್ಯಾಂಕಿನ ಕಾಲಿನ ತಗಡಿನ ದಪ್ಪವನ್ನು ಎಲ್ಲಿ ತುಂಬಬೇಕು ಎಂದು ಕೇಳಿದರು. ಅವಳು ಹೇಳಿದಳು. ಮಾರನೆಯ ದಿನ ಅದನ್ನೇ ಕೇಳಿದರು. ಛೇಡಿಸುತ್ತಿದ್ದಾರೆ ಎಂದುಕೊಂಡು ನಕ್ಕಳು. ಅವರು ನಗಲಿಲ್ಲ.

"ಫೈಲ್ ಕಳಿಸಿ ಸಾರ್, ನೋಡ್ತೀನಿ" ಎಂದಳು.

ಫೈಲು ತೆರೆದು ನೋಡಿದಳು. ಮಿಕ್ಕ ಅಳತೆಯೆಲ್ಲ ಮಿಲಿಮೀಟರಿನಲ್ಲಿ, ಕಾಲಿನ ದಪ್ಪದ ಅಂಕಿಯ ಮುಂದೆ ಮಾತ್ರ ಸೆಂಟಿಮೀಟರ್ ಎಂದಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಕಾಲುಗಳು ಹತ್ತು ಪಟ್ಟು ದಪ್ಪಗಾಗಿ, ಪರದೆಯ ತುಂಬ ಎಲ್ಲೂ ಅಪಾಯವಿಲ್ಲವೆಂಬ ಹಸಿರೋ ಹಸಿರು. ಅದನ್ನು ನೋಡಿ ಯಜಮಾನರು, ಇಷ್ಟೆಲ್ಲ ಕಬ್ಬಿಣ ದಂಡ ಎಂದು ನಕ್ಷೆಯಲ್ಲಿ ತಗಡನ್ನು ಇನ್ನಷ್ಟು ತೆಳು ಮಾಡಿದ್ದರು. ಅವಳು ಫೋನು ಮಾಡಿ ತಪ್ಪು ತೋರಿಸಿದಳು.

"ಹೌದಲ್ಲಮ್ಮ. ಎಂಥ ಕೆಲಸ ಮಾಡಿದೆ ನೋಡು. ಈಗಲೇ ಸರಿ ಮಾಡ್ತೀನಿ" ಎಂದರು. ಅವಳು ಆ ಕರೆಯ ಮುಂದೆ 'ಬಗೆಹರಿಯಿತು' ಎಂದು ಗುರುತು ಹಾಕಿದಳು.

ಎರಡು ದಿನ ಬಿಟ್ಟು ಮತ್ತೆ ಫೋನು. "ಪುಟದಕ್ಕ, ಈ ಕಾಲಿನ ದಪ್ಪ ಎಲ್ಲಿ ತುಂಬೋದು?"

"ಮೊನ್ನೆ ಮಾತಾಡಿದ್ವಲ್ಲ ಸಾರ್. ಸರಿ ಮಾಡಿದ್ರಾ?"

"ಏನನ್ನ?"

ಅವಳು ಮತ್ತೆ ಮೊದಲಿಂದ ಎಲ್ಲ ಹೇಳಿ, ಇನ್ನೊಬ್ಬರು ಯಾರಾದರೂ ಒಮ್ಮೆ ನೋಡಿದರೆ ಒಳ್ಳೆಯದು ಎಂದು ಸೇರಿಸಿದಳು. ಅಲ್ಲಿಗೆ ಅವರ ದನಿಯೇ ಬೇರೆಯಾಯಿತು. "ನೀನು ಕಣ್ಣು ಬಿಡೋಕೆ ಮುಂಚೆ ನಾನು ಟ್ಯಾಂಕ್ ನಿಲ್ಲಿಸ್ತಿದ್ದೆ. ಕೇಳಿದ್ದಕ್ಕೆ ಉತ್ತರ ಕೊಡು, ಸಾಕು."

ಅವಳು ಮ್ಯಾನೇಜರಿಗೆ ಹೇಳಿದಳು. ಆತ ಚಹಾ ಲೋಟ ಕೆಳಗಿಡದೆಯೇ ಅಂದ: "ಬಟನ್ ಎಲ್ಲಿದೆ ಅಂತ ತೋರಿಸೋದು ನಮ್ಮ ಕೆಲಸ. ಲೆಕ್ಕ ಅವರದು, ಹೊಣೆ ಅವರದು. ಲೈಸೆನ್ಸಲ್ಲೇ ಬರೆದಿದೆ. ಇಲ್ಲದ್ದನ್ನ ತಲೆ ಮೇಲೆ ಎಳ್ಕೋಬೇಡಿ."

ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಬಟ್ಟೆ ಮಡಚುತ್ತ ಅವಳ ಮಾತು ಕೇಳಿಸಿಕೊಂಡು ಅಂದ: "ನಮ್ಮದೂ ಅದೇ ಕತೆ. ಫಿಲ್ಮಲ್ಲಿ ಗಡ್ಡೆ ಕಂಡ್ರೂ ನಾವು ಬಾಯಿ ಬಿಡೋ ಹಾಗಿಲ್ಲ. ಡಾಕ್ಟ್ರು ಹೇಳ್ಬೇಕು."

"ಇಲ್ಲಿ ಡಾಕ್ಟ್ರು ಯಾರು?"

ಅವನು ಅಂಗಿಯ ತೋಳು ನೇರ ಮಾಡಿ ಇನ್ನೊಂದನ್ನು ಎತ್ತಿಕೊಂಡ.

ಕೊನೆಗೆ ಅವಳೇ ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ನಿಂತು ವರ್ಕ್‌ಶಾಪಿಗೆ ಫೋನು ಮಾಡಿದಳು. ಭಾವಮೈದುನ ಎತ್ತಿಕೊಂಡ. ಹಿಂದೆ ಕಬ್ಬಿಣ ಕೊಯ್ಯುವ ಸದ್ದು. ಏನು ಹೇಳಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಆದರೆ ಅವನ ಒರಟು "ಹೇಳಿ" ಕಿವಿಗೆ ಬಿದ್ದದ್ದೇ ತಡ, ನಾಲಿಗೆ ಹಿಂಜರಿಯಿತು. ಇಷ್ಟು ದಿನದ ಸ್ನೇಹ, ಯಜಮಾನರ ಅನ್ನಕ್ಕೆ ಕಲ್ಲು ಹಾಕಿದಂತಾದೀತು ಎಂಬ ಅಳುಕು.

"ಯಜಮಾನರು ಈಚೆಗೆ ಸ್ವಲ್ಪ ಮರೀತಾರೆ ಅನ್ಸುತ್ತೆ. ದಣಿದಿದ್ದಾರೇನೋ. ಒಂದಷ್ಟು ವಿಶ್ರಾಂತಿ ಸಿಕ್ಕಿದ್ರೆ..."

"ವಯಸ್ಸಾದ್ಮೇಲೆ ಮರೀದೆ ಇರೋರು ಯಾರಮ್ಮ? ಸರಿ, ನೋಡೋಣ" ಎಂದು ಅವನು ಫೋನು ಇಟ್ಟ.

ಹೇಳಿದ್ದಾಯಿತು ಎಂದುಕೊಂಡು ಅವಳು ಒಳಗೆ ಬಂದಳು. ಆ ದಿನ ಊಟವೂ ರುಚಿಸಿತು. ಮತ್ತೆ ಫೋನು ಮಾಡಲಿಲ್ಲ. ಯಜಮಾನರೂ ಮಾಡಲಿಲ್ಲ. ಸದ್ದಿಲ್ಲ ಅಂದರೆ ಎಲ್ಲ ಸರಿಹೋಗಿದೆ ಎಂದು ತಾನೇ ತನಗೆ ಹೇಳಿಕೊಂಡಳು.

ಟ್ಯಾಂಕು ನಿಂತದ್ದು ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯ ಅಂಗಳದಲ್ಲಿ. ಮೊದಲ ಸಲ ನೀರು ತುಂಬುತ್ತಿದ್ದಾಗ, ಅರ್ಧ ದಾಟುವ ಹೊತ್ತಿಗೆ ಒಂದು ಕಾಲು ಮಂಡಿ ಊರಿದಂತೆ ಮಡಚಿಕೊಂಡಿತಂತೆ. ಕೆಳಗೆ ಏಣಿಗೆ ಬಣ್ಣ ಬಳಿಯುತ್ತಿದ್ದ ಪೇಂಟರಿಗೆ ತಲೆಯೆತ್ತಿ ನೋಡಲೂ ಸಮಯ ಸಿಗಲಿಲ್ಲ.

ತನಿಖೆಯವರು ಕಂಪನಿಯಿಂದ ಫೈಲುಗಳನ್ನೂ ಫೋನಿನ ಧ್ವನಿಮುದ್ರಣಗಳನ್ನೂ ತರಿಸಿಕೊಂಡರು. ಪರದೆ ಎಳೆದ ಕೋಣೆಯಲ್ಲಿ ಅವಳ ದನಿಯನ್ನು ಅವಳಿಗೇ ಕೇಳಿಸಿದರು. ಎರಡನೆಯ ದಿನದ ಕರೆಯಲ್ಲಿ ಅವಳು ನಕ್ಕದ್ದೂ ಅದರಲ್ಲಿತ್ತು. ಅವಳದು ಏನೂ ತಪ್ಪಿಲ್ಲ, ದೋಷವನ್ನು ತೋರಿಸಿಕೊಟ್ಟಿದ್ದಾಳೆ ಎಂದರು. ಮ್ಯಾನೇಜರು ನಿಟ್ಟುಸಿರು ಬಿಟ್ಟ.

ಎದುರಿಗೆ ಕೂತಿದ್ದ ಭಾವಮೈದುನ ಆಗ ತಲೆಯೆತ್ತಿದ. ಗಡ್ಡ ಬೆಳೆದಿತ್ತು. "ನನಗೆ ಫೋನ್ ಮಾಡಿದ್ರಲ್ಲಮ್ಮ ನೀವು. ವಿಶ್ರಾಂತಿ ಅಂದ್ರಿ. ಕಾಲು ತೆಳು ಇದೆ ಅಂತ ಒಂದೇ ಒಂದು ಮಾತು ಅಂದಿದ್ರೆ ನಾನು ಅವತ್ತೇ ನಿಲ್ಲಿಸ್ತಿದ್ದೆ."

ಅವಳು ಅವನ ಮುಖ ನೋಡದೆ, ಎದುರಿಗಿದ್ದ ಫೈಲನ್ನು ಮುಚ್ಚಿದಳು.

ಅಲ್ಲಿಂದಾಚೆ ಅವಳು ಫೋನಿನಲ್ಲಿ ಕಡ್ಡಿ ಮುರಿದಂತೆ ಮಾತಾಡತೊಡಗಿದಳು. ಪ್ರಶ್ನೆಗೆ ಮರುಪ್ರಶ್ನೆ. ಇದು ಎಲ್ಲಿ ನಿಲ್ಲುತ್ತೆ? ಕೆಳಗೆ ಯಾರು ಓಡಾಡ್ತಾರೆ? ಇನ್ಯಾರು ನೋಡಿದ್ದಾರೆ? ಗಿರಾಕಿಗಳು ದೂರು ಕೊಟ್ಟರು. ತಿಂಗಳೊಪ್ಪತ್ತಿನಲ್ಲಿ ಅವಳ ಮೇಜಿನಿಂದ ಫೋನು ಎತ್ತಿಕೊಂಡು ಹೋಗಿ, ಕೈಪಿಡಿಯ ಪುಟ ತಿದ್ದುವ ಕೆಲಸಕ್ಕೆ ಹಾಕಿದರು. ಈಗ ಅವಳು ಬರೆಯುತ್ತಾಳೆ. ಯಾರಾದರೂ ಓದುತ್ತಾರೋ ಇಲ್ಲವೋ ತಿಳಿಯುವ ದಾರಿಯಿಲ್ಲ.

ಒಂದು ಭಾನುವಾರ ವಿಳಾಸ ಹುಡುಕಿಕೊಂಡು ಯಜಮಾನರ ಮನೆಗೆ ಹೋದಳು. ಬಾಗಿಲು ತೆಗೆದವರು ಅವರ ಹೆಂಡತಿ. ತೆಳ್ಳಗಿನ ಹೆಂಗಸು, ಕೈಗೆಲ್ಲ ಸೋಪಿನ ನೊರೆ. ಯಾರೆಂದು ಗೊತ್ತಾದ ಮೇಲೆ ಒಳಗೆ ಬಿಡುವ ಮುನ್ನ ದನಿ ತಗ್ಗಿಸಿದರು.

"ಟ್ಯಾಂಕಿನ ಸುದ್ದಿ ಎತ್ತಬೇಡಿ. ಹೇಳಿದಾಗೆಲ್ಲ ಅವರಿಗೆ ಅದು ಹೊಸ ಸುದ್ದಿ. ಗೋಡೆಗೆ ತಲೆ ಚಚ್ಚಿಕೊಂಡು ಅಳ್ತಾರೆ. ಆಮೇಲೆ ಮರೀತಾರೆ. ಮತ್ತೆ ಕೇಳ್ತಾರೆ. ನನ್ನ ಕೈಲಿ ಇನ್ನಾಗಲ್ಲ."

ಯಜಮಾನರು ಕಿಟಕಿಯ ಪಕ್ಕ ಕೂತಿದ್ದರು. ಅವಳು ಅಂದುಕೊಂಡದ್ದಕ್ಕಿಂತ ಗಿಡ್ಡಗಿದ್ದರು. ಹಣೆಯ ಮೇಲೆ ಗಾಯ ಕಪ್ಪುಗಟ್ಟಿತ್ತು. ಅವಳ ಮುಖ ನೋಡಿ ಅವರಿಗೆ ಗುರುತು ಸಿಗಲಿಲ್ಲ. "ನಮಸ್ಕಾರ ಸಾರ್" ಎಂದ ದನಿ ಕೇಳಿದ ಕೂಡಲೇ ಅವರ ಕಣ್ಣು ಅರಳಿತು.

"ಪುಟದಕ್ಕ! ನೋಡೇ, ಯಾರು ಬಂದಿದಾರೆ."

ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಂಡಿನೋವಿನ ಮಾತಾಯಿತು. ಕೈಪಿಡಿಯ ಹಳೆಯ ತಪ್ಪಿನ ಮಾತಾಯಿತು. ಅದನ್ನು ಅಕ್ಷರ ಬಿಡದೆ ನೆನೆದರು. ಆಮೇಲೆ ಕೇಳಿದರು:

"ಆ ಬಣ್ಣದ ಕಾರ್ಖಾನೆಯ ಟ್ಯಾಂಕು. ನಿಂತಿತಾ?"

ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ನಿಂತಿದೆ ಸಾರ್" ಎಂದಳು.

"ಕಾಲು?"

"ಕಾಲು ಗಟ್ಟಿಯಾಗಿದೆ."

ಅವರು ಸಮಾಧಾನದಿಂದ ತಲೆಯಾಡಿಸಿ, ಅವಳ ಕೈ ಬಿಡದೆ ಹೊರಗೆ ನೋಡುತ್ತ ಕೂತರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಹೆಂಡತಿ ಒಳಗೆ ಹೋಗಿ ನಲ್ಲಿ ತಿರುಗಿಸಿ, ಬಟ್ಟೆ ಹಿಂಡತೊಡಗಿದರು.